ಮರಳಿನಲ್ಲಿ ಜಾಕೆಟ್ಟಿನ ಗೆರೆ

ಮಗಳಿಗೆ ಐದು ವರ್ಷವಿದ್ದಾಗ ಬಚ್ಚಲಮನೆಯಲ್ಲಿ ಅವಳಿಗೊಂದು ಮಾತು ಕೊಟ್ಟಿದ್ದೆ. ಕೊಟ್ಟ ಮರುಗಳಿಗೆಯೇ ಮರೆತೂ ಬಿಟ್ಟಿದ್ದೆ.

ಅವತ್ತು ಅವಳನ್ನು ನೋಡಿಕೊಳ್ಳಲು ಯಾರೂ ಸಿಕ್ಕದೆ ಕೆಲಸಕ್ಕೆ ಜೊತೆಯಲ್ಲೇ ಕರೆದುಕೊಂಡು ಹೋಗಿದ್ದೆ. ನಾನು ಕೃತಕ ಕಾಲು ಮಾಡುವ ಕಾರ್ಯಾಗಾರದಲ್ಲಿ ಕೆಲಸ ಮಾಡುವವಳು. ಉಳಿದ ಕಾಲಿನ ತುದಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆಯುವುದು, ಆ ಅಚ್ಚಿನಿಂದ ಕಾಲು ಕೂರುವ ಬಟ್ಟಲು ಮಾಡುವುದು, ಆಮೇಲೆ ಜೋಡಿ ಕಂಬಿಗಳ ನಡುವೆ ನಿಲ್ಲಿಸಿ ನಡೆಸಿ ನೋಡುವುದು, ಇಷ್ಟು ನನ್ನ ಪಾಲಿನ ಕೆಲಸ. ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ. ಬಂದವರು ಮುದುಕರಿರಲಿ, ಮಗುವಿರಲಿ, ಮೈಗೆ ಕೈ ತಾಗಿಸುವ ಮೊದಲು "ಕೈ ಇಡ್ಲಾ?" ಅಂತ ಕೇಳಬೇಕು. ಅವರು ಹೂಂ ಅನ್ನಬೇಕು. ಅನ್ನದಿದ್ದರೆ ಕಾಯಬೇಕು. ಈ ನಿಯಮ ಮಾಡಿದವರು ನಮ್ಮ ಮೇಸ್ತ್ರಿ. ಹೊಸದಾಗಿ ಸೇರಿದವರು ಕೇಳುವುದನ್ನು ಮರೆತರೆ ಅವರನ್ನೇ ಮೇಜಿನ ಮೇಲೆ ಮಲಗಿಸಿ, ಹೇಳದೆ ಕೇಳದೆ ಪಾದಕ್ಕೆ ತಣ್ಣನೆಯ ಪ್ಲಾಸ್ಟರ್ ಮೆತ್ತುತ್ತಿದ್ದರು. ಒಂದು ಸಲ ಮೆತ್ತಿಸಿಕೊಂಡವರು ಜನ್ಮದಲ್ಲಿ ಮರೆಯುವುದಿಲ್ಲ. ನಾನೂ ಮರೆತಿಲ್ಲ. ದಿನಕ್ಕೆ ನಲವತ್ತು ಸಲವಾದರೂ ಆ ಎರಡು ಪದ ನನ್ನ ಬಾಯಿಂದ ಬರುತ್ತವೆ.

ಅವತ್ತು ಸಂಜೆ ಮೈಯೆಲ್ಲ ಸೋಪಿನ ನೊರೆ ಮಾಡಿಕೊಂಡು ನಿಂತಿದ್ದ ಮಗಳು ಕೇಳಿದಳು: "ಅಮ್ಮಾ, ಅಲ್ಲಿ ಆ ಅಣ್ಣನ್ನ ಕೈ ಇಡ್ಲಾ ಅಂತ ಕೇಳ್ದೆ. ನನ್ನ ಯಾಕೆ ಕೇಳಲ್ಲ? ಸುಮ್ನೆ ಹಿಡ್ಕೊಂಡು ಉಜ್ತೀಯ."

ನಗು ಬಂತು. "ಆಯ್ತು ಮಹಾರಾಯ್ತಿ. ಇನ್ಮೇಲೆ ನಿನ್ನನ್ನೂ ಕೇಳೇ ಕೈ ಇಡ್ತೀನಿ."

"ಮಾತು?"

"ಮಾತು."

ನೊರೆಯ ಕೈ ಮುಂದೆ ಚಾಚಿದಳು. ನಾನು ಕೈ ಕುಲುಕಿದೆ, ತಲೆಗೆ ನೀರು ಸುರಿದೆ. ಅಷ್ಟೇ ನನಗೆ ನೆನಪಿದ್ದದ್ದು. ಅದೂ ನೆನಪಾದದ್ದು ಆರು ವರ್ಷ ಕಳೆದ ಮೇಲೆ, ಅವಳು ನೆನಪಿಸಿದ ಮೇಲೆ.

ನಮ್ಮನೆಯಲ್ಲಿ ಇರುವುದು ಮೂರು ಜನ: ನಾನು, ಮಗಳು, ನನ್ನ ಅಮ್ಮ. ಮಗಳಿಗೆ ಅವಳು ಅಜ್ಜಿ, ಹಾಗಾಗಿ ಈಗ ಎಲ್ಲರಿಗೂ ಅಜ್ಜಿಯೇ. ಮಗಳ ಅಪ್ಪ ಲಾರಿ ಓಡಿಸುತ್ತಾರೆ. ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿರುತ್ತಾರೆ, ಅದರಲ್ಲಿ ಎರಡು ದಿನ ನಿದ್ದೆಯಲ್ಲಿರುತ್ತಾರೆ. ಮಗಳನ್ನು ನಾವು ಕರೆಯುವುದು ಮಿಡತೆ ಅಂತ. ನಡೆಯಲು ಕಲಿತಾಗಿನಿಂದ ಅವಳು ನೆಟ್ಟಗೆ ನಡೆದವಳಲ್ಲ, ಹಾರಿದವಳು. ಮೆಟ್ಟಿಲು ಹಾರುವುದು, ಚರಂಡಿ ಹಾರುವುದು, ಅಜ್ಜಿ ನೆಲ ಒರೆಸಿದರೆ ಆ ಒದ್ದೆ ಜಾಗ ಹಾರುವುದು. ಶಾಲೆಯ ಆಟದ ಟೀಚರ್ ಅವಳನ್ನು ಉದ್ದಜಿಗಿತಕ್ಕೆ ಹಾಕಿಕೊಂಡಾಗ ಅಜ್ಜಿ, "ಸದ್ಯ, ಇನ್ನು ಮನೇಲಿ ಹಾರೋದು ನಿಲ್ಲುತ್ತೆ" ಅಂದಿದ್ದಳು. ನಿಲ್ಲಲಿಲ್ಲ.

ಈ ವರ್ಷ ಹನ್ನೊಂದು ತುಂಬಿದ ಮೇಲೆ ಏನೋ ಬದಲಾಯಿತು. ಮಿಡತೆ ಅಪ್ಪನ ಹಳೇ ಜಾಕೆಟ್ ಹಾಕಿಕೊಳ್ಳಲು ಶುರುಮಾಡಿದಳು. ಕಂದು ಬಣ್ಣದ, ಒಳಗೆ ದಪ್ಪ ಬಟ್ಟೆ ಕೊಟ್ಟಿದ್ದ, ಡೀಸೆಲ್ ವಾಸನೆ ಇನ್ನೂ ಹೋಗಿರದ ಜಾಕೆಟ್ಟು. ಅವಳ ಮೊಣಕಾಲು ಮುಟ್ಟುತ್ತಿತ್ತು. ಬಿಸಿಲಿರಲಿ, ಸೆಕೆಯಿರಲಿ, ಊಟಕ್ಕೆ ಕೂತಾಗಲೂ ಅದು ಮೈಮೇಲೆ. ಜಿಪ್ಪು ಗಂಟಲವರೆಗೆ. ಹೋದ ವರ್ಷದ ಅಂಗಿಗಳನ್ನೆಲ್ಲ ಮಡಚಿ ಅಲಮಾರಿಯ ಹಿಂದಕ್ಕೆ ತಳ್ಳಿದ್ದಳು. ಏನಾಗುತ್ತಿದೆ ಅಂತ ನನಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ಈ ವಯಸ್ಸಿಗೆ ಆಗುವುದೇ ಅಂದುಕೊಂಡು, ಭಾನುವಾರ ಕೂತು ಮಾತಾಡೋಣ ಅಂದುಕೊಂಡು, ಭಾನುವಾರ ಬಂದಾಗ ಬಟ್ಟೆ ಒಗೆದು ಸುಸ್ತಾಗಿ ಮಲಗಿ, ಹೀಗೆ ಏಳೆಂಟು ಭಾನುವಾರ ದಾಟಿಸಿದ್ದೆ.

ಜಿಗಿತದ ಪಂದ್ಯಕ್ಕೆ ಇನ್ನು ಮೂರು ವಾರವಿದ್ದಾಗ ಟೀಚರ್ ಹೇಳಿಕಳಿಸಿದರು. ಕೆಲಸದಿಂದ ನೇರವಾಗಿ, ಉಗುರಿನ ಸಂದಿಯ ಪ್ಲಾಸ್ಟರ್ ಕೂಡ ತೆಗೆಯದೆ, ಮೈದಾನಕ್ಕೆ ಹೋದೆ. ಟೀಚರ್ ನನ್ನನ್ನು ಮರಳಿನ ಗುಂಡಿಯ ಹತ್ತಿರ ಕರೆದುಕೊಂಡು ಹೋದರು. ಮಿಡತೆ ಈಗಷ್ಟೇ ಹಾರಿ ಎದ್ದುಹೋಗಿದ್ದಳು. ಮರಳಿನಲ್ಲಿ ಎರಡು ಹಿಮ್ಮಡಿಯ ಗುಳಿ ಇದ್ದವು. ಅವುಗಳ ಹಿಂದೆ, ಒಂದು ಗೇಣಿಗಿಂತ ಹೆಚ್ಚು ದೂರದಲ್ಲಿ, ಪೊರಕೆ ಎಳೆದಂಥ ಒಂದು ಗೆರೆ.

"ಇದು ಜಾಕೆಟ್ಟಿನ ತುದಿ" ಅಂದರು ಟೀಚರ್. "ಮೈ ತಾಗಿದ್ರೂ ಒಂದೇ, ಬಟ್ಟೆ ತಾಗಿದ್ರೂ ಒಂದೇ, ಕಾಲೊತ್ತಿ ಹಾರೋ ಹಲಗೆಗೆ ಹತ್ತಿರ ಇರೋ ಗುರುತಿಗೇ ಟೇಪ್ ಹಿಡಿಯೋದು. ನಿಮ್ಮ ಮಗಳು ಹಾರೋದು ನಾಲ್ಕು ಮೀಟರ್ ಅಮ್ಮಾ. ಜಾಕೆಟ್ ಹಾರೋದು ಮೂರೂ ಮುಕ್ಕಾಲು. ನಾವು ಅಳೀತಿರೋದು ಜಾಕೆಟ್ಟನ್ನ."

"ತೆಗಿ ಅಂತ ಹೇಳಿ."

"ಹೇಳಿ ಸಾಕಾಯ್ತು. ತೆಗೆದ್ರೆ ಹಾರಲ್ಲ ಅಂತಾಳೆ. ಪಂದ್ಯದ ದಿನ ತಂಡದ ಬನಿಯನ್ ಹಾಕ್ಬೇಕು, ತೋಳಿಲ್ಲದ್ದು. ಅದನ್ನ ಕೈಯಲ್ಲೂ ಮುಟ್ಟಲ್ಲ."

ಮಿಡತೆ ಅಷ್ಟು ದೂರದಲ್ಲಿ ಮತ್ತೆ ಓಟಕ್ಕೆ ನಿಂತಿದ್ದಳು. ನನಗೆ ಅವಳ ಬೆನ್ನು ಕಂಡಿತು. ಹೆಗಲು ಎರಡೂ ಮುಂದಕ್ಕೆ ಬಾಗಿ, ಎದೆ ಒಳಕ್ಕೆ ಮುದುಡಿ, ಕುತ್ತಿಗೆ ಆಮೆಯಂತೆ. ಹದಿನಾರು ವರ್ಷದಿಂದ ನಾನು ಹಿಂದಿನಿಂದ ಬೆನ್ನುಗಳನ್ನು ನೋಡಿಕೊಂಡು ಬಂದವಳು. ಹೆಗಲು ಬಾಗಿದರೆ ಸೊಂಟ ಕೆಡುತ್ತದೆ, ಸೊಂಟ ಕೆಟ್ಟರೆ ಹೆಜ್ಜೆ ಕೆಡುತ್ತದೆ. ನನ್ನ ಕಣ್ಣಿಗೆ ಅಲ್ಲಿ ಮಗಳು ಕಾಣಲಿಲ್ಲ, ಸರಿಮಾಡಬೇಕಾದ ಒಂದು ನಿಲುವು ಕಂಡಿತು. ಹೋದವಳೇ ಹಿಂದಿನಿಂದ ಎರಡೂ ಕೈಯಲ್ಲಿ ಹೆಗಲು ಹಿಡಿದೆ, ಹೆಬ್ಬೆರಳು ಬೆನ್ನಿಗೆ ಒತ್ತಿ ಹಿಂದಕ್ಕೆ ಎಳೆದೆ. ಕಂಬಿಗಳ ನಡುವೆ ದಿನಾ ಮಾಡುವುದೇ ಅದು.

"ನೆಟ್ಟಗೆ ನಿಂತ್ಕೋ. ಎದೆ ಎತ್ತು."

ಜಾಕೆಟ್ಟಿನ ಹಳೇ ಜಿಪ್ಪು ಅರ್ಧಕ್ಕೆ ಬಿಚ್ಚಿಕೊಂಡಿತು. ಸಾಲಿನಲ್ಲಿ ಆರು ಹುಡುಗಿಯರಿದ್ದರು. ಯಾರೋ ಒಬ್ಬಳು ಕಿಸಕ್ಕನೆ ನಕ್ಕಳು. ಜಾಕೆಟ್ಟಿಗೋ, ನನ್ನ ಪ್ಲಾಸ್ಟರ್ ಕೈಗೋ, ಗೊತ್ತಿಲ್ಲ. ನನ್ನ ಕೈ ಕೆಳಗೆ ಮಗಳ ಹೆಗಲು ಕಲ್ಲಾಯಿತು. ಬೇಡ ಅನ್ನುವ ಮೈ ಹೇಗಿರುತ್ತದೆ ಅಂತ ನನ್ನ ಕೈಗೆ ಚೆನ್ನಾಗಿ ಗೊತ್ತು. ಗೊತ್ತಾದಾಗ ತಡವಾಗಿತ್ತು.

ಅವಳು ಅಳಲಿಲ್ಲ. ಜಿಪ್ಪು ಎಳೆದುಕೊಂಡಳು, ಚೀಲ ತೆಗೆದುಕೊಂಡಳು, ಮನೆವರೆಗೂ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಬಾಗಿಲ ಹತ್ತಿರ ತಿರುಗಿದಳು.

"ಅಲ್ಲಿ ಎಲ್ಲರನ್ನೂ ಕೇಳ್ತೀಯ. ನಂಗೂ ಮಾತು ಕೊಟ್ಟಿದ್ದೆ."

"ಯಾವ ಮಾತೇ?"

ಹೆಗಲು ಎಳೆದದ್ದಕ್ಕಿಂತ ಈ ಪ್ರಶ್ನೆಯೇ ಅವಳಿಗೆ ಹೆಚ್ಚು ತಾಗಿತು ಅಂತ ಮುಖ ನೋಡಿದರೆ ತಿಳಿಯುತ್ತಿತ್ತು. "ಬಚ್ಚಲಮನೇಲಿ" ಅಂದಳು. "ಟೀಚರ್‌ಗೆ ಹೇಳ್ಬಿಡು, ನಾನಿನ್ನು ಹಾರಲ್ಲ." ಬಾಗಿಲು ಹಾಕಿಕೊಂಡಳು.

ಅಜ್ಜಿ ಅಡುಗೆಮನೆಯಿಂದ ಬಂದು ನನ್ನ ಮುಖ, ಮುಚ್ಚಿದ ಬಾಗಿಲು, ಎರಡನ್ನೂ ನೋಡಿದಳು. ಆದದ್ದನ್ನು ಹೇಳಿದೆ.

"ಎಲ್ಲಾ ಹುಡುಗೀರಿಗೂ ಆಗೋದೇ ಬಿಡೇ. ಒಂದೆರಡು ವರ್ಷ ಬಗ್ಗಿ ನಡೀತಾರೆ."

"ನೀನೇ ನಂಗೆ ಬಗ್ಗಿ ನಡಿ ಅಂತಿದ್ಯಲ್ಲಮ್ಮಾ."

"ಅಂತಿದ್ದೆ. ನಂಗೆ ನಮ್ಮಮ್ಮ ಅಂತಿದ್ಲು." ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಈಗ ನೋಡು, ತಾಯಿ ಮಗಳು ಇಬ್ಬರೂ ಪ್ರಶ್ನೆ ಚಿಹ್ನೆ ಇದ್ದ ಹಾಗಿದೀವಿ. ಅವಳನ್ನಾದ್ರೂ ಹಾಗೆ ಮಾಡ್ಬೇಡ."

ಮಾರನೇ ದಿನ ಕೆಲಸ ಮುಗಿಸಿ ಬಟ್ಟೆ ಅಂಗಡಿಗೆ ಹೋಗಿ, ಆ ವಯಸ್ಸಿನವರು ಒಳಗೆ ಹಾಕಿಕೊಳ್ಳುವ ಮೂರು ಬನಿಯನ್ ತಂದೆ. ಅವಳ ಹಾಸಿಗೆ ಮೇಲಿಟ್ಟು ಸುಮ್ಮನೆ ಬಂದೆ. ಮಾತಾಡುವ ಧೈರ್ಯವಿಲ್ಲದವರು ಸಾಮಾನು ತರುತ್ತಾರೆ. ಎರಡು ದಿನದ ಮೇಲೆ ಮೂರೂ ನನ್ನ ದಿಂಬಿನ ಕೆಳಗಿದ್ದವು, ಮಡಿಕೆ ಕೆಡದೆ. ಮೇಲೊಂದು ಚೀಟಿ: "ಹೊಲಿಗೆ ಚುಚ್ಚುತ್ತೆ."

ಎರಡೇ ಪದ. ಆದರೂ ಅದನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡೆ. ನಾಲ್ಕು ದಿನದಲ್ಲಿ ಅವಳು ನನಗೆ ಹೇಳಿದ ಮೊದಲ ಮಾತು ಅದು.

ಶನಿವಾರ ಅಜ್ಜಿ ಕಣ್ಣು ತೋರಿಸಲು ಹೋಗಬೇಕಿತ್ತು. ಮಗಳನ್ನು ಮನೆಯಲ್ಲಿ ಒಬ್ಬಳನ್ನೇ ಬಿಡಲು ಮನಸ್ಸಾಗಲಿಲ್ಲ. ಕೆಲಸಕ್ಕೆ ಕರೆದುಕೊಂಡು ಹೋದೆ. ಜಾಕೆಟ್ಟೂ ಬಂತು. ಕಾರ್ಯಾಗಾರದ ಮೂಲೆಯಲ್ಲಿ ಬಟ್ಟೆಯ ಸುರುಳಿಗಳನ್ನು ಇಡುವ ಕಪಾಟಿನ ಪಕ್ಕ ಕೂತು, ಪುಸ್ತಕ ತೆರೆದು, ಒಂದೇ ಪುಟವನ್ನು ಒಂದು ತಾಸು ಓದಿದಳು.

ಹನ್ನೊಂದಕ್ಕೆ ಗೊಣಗಮ್ಮ ಬಂದಳು. ಗೊಣಗಮ್ಮ ಅಂತ ಹೆಸರಿಟ್ಟವರು ಮೇಸ್ತ್ರಿ. ಹದಿಮೂರು ವರ್ಷದ ಹುಡುಗಿ, ಬಲಗಾಲು ಮೊಣಕಾಲಿನ ಕೆಳಗೆ ಇಲ್ಲ. ಹುಟ್ಟುವಾಗಲೇ ಹಾಗೆ. ಆರನೇ ವಯಸ್ಸಿನಿಂದ ನಮ್ಮಲ್ಲಿಗೇ ಬರುತ್ತಾಳೆ, ಬಂದಾಗೆಲ್ಲ ಗೊಣಗುತ್ತಾಳೆ. ಈ ವರ್ಷ ಮೂರನೇ ಸಲ ಬಟ್ಟಲು ಬಿಗಿಯಾಗಿತ್ತು.

"ಮತ್ತೆ ಬೆಳೆದ್ಯಾ? ಸ್ವಲ್ಪ ತಡ್ಕೋಬಾರದಾ ತಾಯಿ?" ಅಂದರು ಮೇಸ್ತ್ರಿ.

"ನಾನೇನು ಕೇಳ್ಕೊಂಡು ಬೆಳೀತೀನಾ ಮೇಸ್ತ್ರೀ? ನೀವಾದ್ರೂ ಕೈ ಇಡ್ಲಾ ಅಂತ ಕೇಳ್ತೀರ. ಈ ಮೈ ಒಂದು ಸಲನೂ ಕೇಳಿಲ್ಲ. ಬೆಳಗ್ಗೆ ಎದ್ರೆ ಏನೋ ಒಂದು ಹೊಸದು ಮಾಡಿಟ್ಟಿರುತ್ತೆ."

ಮೂಲೆಯಲ್ಲಿ ಪುಸ್ತಕದಿಂದ ತಲೆ ಮೇಲೆದ್ದಿತು.

"ಕೈ ಇಡ್ಲಾ?" ಅಂತ ಗೊಣಗಮ್ಮನನ್ನು ಕೇಳಿದೆ. ಹದಿನಾರು ವರ್ಷದಲ್ಲಿ ಮೊದಲ ಸಲ ಆ ಪದ ಬಾಯಲ್ಲಿ ತೊಡರಿತು. ಮಗಳು ನೋಡುತ್ತಿದ್ದಳು.

"ಇಡಿ. ತಣ್ಣಗಿದ್ರೆ ಕಿರುಚ್ತೀನಿ."

ಕಾಲಿನ ತುದಿಗೆ ಮೊದಲು ಬಟ್ಟೆಯ ಕೊಳವೆ ಏರಿಸಿದೆ, ಅದರ ಮೇಲೆ ಪ್ಲಾಸ್ಟರ್ ಸುತ್ತಿದೆ. ಕಿರುಚಿದಳು, ಸುಮ್ಮನೆ, ಲೆಕ್ಕಕ್ಕೆ. ಪ್ಲಾಸ್ಟರ್ ಗಟ್ಟಿಯಾಗಲು ಹತ್ತು ನಿಮಿಷ ಬೇಕು. ನಾನು ಪರದೆಯ ಆಚೆ ಹೋಗಿ ಕೈ ತೊಳೆಯತೊಡಗಿದೆ. ನೀರು ನಿಲ್ಲಿಸಿದಾಗ ಹುಡುಗಿಯರ ಮಾತು ಕೇಳಿತು.

"ಆ ಜಾಕೆಟ್ಟಲ್ಲಿ ಬೆಂದು ಹೋಗಲ್ವೇನೇ?" ಇದು ಗೊಣಗಮ್ಮ.

"ಅಭ್ಯಾಸ ಆಗಿದೆ."

"ನಂಗೂ ಒಂದು ಇತ್ತು. ಅಣ್ಣಂದು. ಏಳು ತಿಂಗಳು ಹಾಕ್ಕೊಂಡಿದ್ದೆ."

ಆಮೇಲೆ ನನ್ನ ಮಗಳು, ತೀರಾ ಸಣ್ಣ ದನಿಯಲ್ಲಿ: "ಅಕ್ಕಾ, ಒಂದು ಕೇಳ್ಲಾ? ನಿಂಗೆ ನೋವಾಗ್ತಿತ್ತಾ?"

"ಕಾಲಾ?"

"ಅಲ್ಲ. ಇಲ್ಲಿ."

"ಓ, ಅದಾ! ಆಗ್ತಿತ್ತು. ಬಾಗಿಲಿಗೆ ತಾಗಿದ್ರೆ ಪ್ರಾಣ ಹೋಗೋದು. ಅದೂ ಮೊದಲು ಎಡಗಡೆ ಮಾತ್ರ. ಬಲಗಡೇದು ನಾಲ್ಕು ತಿಂಗಳು ರಜಾ ಹಾಕಿ ಆಮೇಲೆ ಬಂತು."

"ಒಂದೇ ಕಡೆ ಬರುತ್ತಾ?"

"ಸುಮಾರು ಜನಕ್ಕೆ ಹಾಗೇ ಅಂತೆ. ಯಾಕೆ?"

"ನಾನು..." ಮಗಳ ದನಿ ಒಡೆಯಿತು. "ನಾನು ಗಡ್ಡೆ ಅಂದ್ಕೊಂಡಿದ್ದೆ. ಸಾಯೋ ಕಾಯಿಲೆ ಅಂತ. ಎರಡು ತಿಂಗಳಿಂದ."

ಕೈಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಬೇಕು ಅನ್ನಿಸಲಿಲ್ಲ.

ಎರಡು ತಿಂಗಳು. ನಾನು ಭಾನುವಾರಗಳನ್ನು ದಾಟಿಸುತ್ತಿದ್ದ ಎರಡು ತಿಂಗಳು. ಅಷ್ಟು ದಿನವೂ ಈ ಮಗು ತಾನು ಸಾಯುತ್ತೇನೆ ಅಂದುಕೊಂಡು ಬೆಳಗ್ಗೆ ಎದ್ದು, ಹಲ್ಲುಜ್ಜಿ, ಮನೆಲೆಕ್ಕ ಮಾಡಿ, ಅಜ್ಜಿಯ ಕನ್ನಡಕ ಹುಡುಕಿಕೊಟ್ಟು, ಶಾಲೆಗೆ ಹೋಗಿ ಬಂದಿತ್ತು. ನನಗೆ ಹೇಳಿದರೆ ನನ್ನ ಕೆಲಸ ಕೆಡುತ್ತದೆ ಅಂದುಕೊಂಡಿತ್ತೋ ಏನೋ. ಹೋಗಲಿ, ಅದೂ ಇರಲಿ. ಸಾಯುತ್ತೇನೆ ಅಂದುಕೊಂಡವಳು ದಿನಾ ಸಂಜೆ ಮೈದಾನಕ್ಕೆ ಹೋಗಿ ನಾಲ್ಕು ಮೀಟರ್ ಹಾರಿದ್ದಳಲ್ಲ! ಆ ಹೊರೆ ಹೊತ್ತು ನನಗೆ ಒಂದು ಮೆಟ್ಟಿಲು ಹತ್ತಲೂ ಆಗುತ್ತಿರಲಿಲ್ಲ. ನಾನು ಹೆತ್ತವಳು, ಎತ್ತಿ ಆಡಿಸಿದವಳು, ಆ ಮೈಯ ಮೂಳೆ ಮೂಳೆಯ ಹೆಸರು ಬಲ್ಲವಳು. ಪರದೆಯ ಆಚೆ ಕೂತವಳು ಯಾರು ಅಂತ ನನಗೆ ಗೊತ್ತೇ ಇರಲಿಲ್ಲ.

"ಅಯ್ಯೋ ಪೆದ್ದೀ, ಅಷ್ಟು ಬೇಗ ಸಾಯಲ್ಲ" ಅನ್ನುತ್ತಿದ್ದಳು ಗೊಣಗಮ್ಮ. "ನೀನೂ ನಾನೂ ಇನ್ನೂ ಎಷ್ಟೋ ಸಲ ಹೊಸ ಬಟ್ಟೆ ಹೊಲಿಸ್ಬೇಕು. ಅಳ್ಬೇಡ, ಪ್ಲಾಸ್ಟರ್ ಅಲ್ಲಾಡುತ್ತೆ."

ಕೇಳದೆ ಪರದೆಯನ್ನೂ ಸರಿಸಬಾರದು ಅನ್ನುವುದು ನಮ್ಮ ನಿಯಮ. ಎರಡು ಸಲ ಕೆಮ್ಮಿದೆ. ಇಬ್ಬರೂ ಸುಮ್ಮನಾದ ಮೇಲೆ ಒಳಗೆ ಹೋದೆ, ಅಚ್ಚು ಬಿಚ್ಚಿದೆ. ಯಾರ ಮುಖವನ್ನೂ ನೋಡಲಿಲ್ಲ.

ಹೋಗುವ ಮೊದಲು ಮೇಸ್ತ್ರಿ ಗೊಣಗಮ್ಮನಿಗೆ ಹೊಸ ಹೊದಿಕೆ ತಂದು ತೋರಿಸಿದರು. ಕಾಲಿನ ಕಬ್ಬಿಣದ ಕೊಳವೆಯ ಮೇಲೆ ಹಾಕುವ, ಮೀನಖಂಡದ ಆಕಾರಕ್ಕೆ ಕೆತ್ತಿ ಚರ್ಮದ ಬಣ್ಣ ಬಳಿದ ಸ್ಪಂಜು. ಮೂರು ದಿನ ಕೂತು ಮಾಡಿದ್ದರು.

"ಚೆನ್ನಾಗಿದೆ ಮೇಸ್ತ್ರೀ. ಆದ್ರೆ ಫೋಟೋ ತೆಗೆಸೋ ದಿನ ಹಾಕ್ಕೋತೀನಿ. ಬಾಕಿ ದಿನ ಬೇಡ, ಕೊಳವೆನೇ ಇರ್ಲಿ."

"ಚೀಲಕ್ಕೆ ಹಾಕಿ ಕೊಡ್ತೀನಿ. ಬೇಕಾದ ದಿನ ನಿನ್ನದು, ಬೇಡದ ದಿನ ಚೀಲದ್ದು." ಮೇಸ್ತ್ರಿಯ ಮುಖದಲ್ಲಿ ಬೇಸರದ ಒಂದು ಎಳೆಯೂ ಇರಲಿಲ್ಲ.

ಮಿಡತೆ ಅದನ್ನೆಲ್ಲ ನೋಡಿದಳು. ಆಮೇಲೆ ಪಕ್ಕದ ಕಪಾಟಿನ ಬಟ್ಟೆಯ ಸುರುಳಿಯನ್ನು ಬೆರಳಿನಿಂದ ಸವರಿದಳು. ಕಾಲಿಗೆ ಪ್ಲಾಸ್ಟರ್ ಸುತ್ತುವ ಮೊದಲು ಏರಿಸುವ ಹತ್ತಿಯ ಕೊಳವೆ ಅದು. ಬೆರಳಿಗಾಗುವಷ್ಟು ಸಣ್ಣದರಿಂದ ಹಿಡಿದು ನಡುವಿಗಾಗುವಷ್ಟು ಅಗಲದ್ದವರೆಗೆ ಇರುತ್ತದೆ.

"ಮೇಸ್ತ್ರೀ, ಇದಕ್ಕೆ ಹೊಲಿಗೆ ಇಲ್ವಾ?"

"ಇಲ್ಲಮ್ಮ. ಸುತ್ತಲೂ ಒಂದೇ ಸಮ ಹೆಣೆದಿದ್ದು. ಹೊಲಿಗೆ ಇದ್ರೆ ಎಳೇ ಚರ್ಮಕ್ಕೆ ಚುಚ್ಚುತ್ತೆ ನೋಡು."

ಅವಳು ನನ್ನ ಕಡೆ ತಿರುಗಿದಳು. ನಾಲ್ಕು ದಿನದ ಮೇಲೆ ನೇರವಾಗಿ ನನ್ನ ಕಣ್ಣು ನೋಡಿದಳು. ನಡುವೆ ಬಾಯಿ ಹಾಕಬಾರದು ಅಂತ ಅಷ್ಟಾದರೂ ಕಲಿತಿದ್ದೆ.

"ತುಂಬಾ ಅಗಲ ಇರೋದು ಸ್ವಲ್ಪ ಕೊಡ್ತೀರಾ?" ಅಂತ ಮೇಸ್ತ್ರಿಯನ್ನು ಅವಳೇ ಕೇಳಿದಳು. ಅವರು ಯಾಕೆ ಅಂತ ಕೇಳಲಿಲ್ಲ. ಎರಡು ಮೊಳ ಕತ್ತರಿಸಿ ಕೊಟ್ಟರು.

ಬಸ್ಸಿನಲ್ಲಿ ಅವಳು ಕಿಟಕಿಗೆ, ನಾನು ಪಕ್ಕಕ್ಕೆ.

"ಒಂದು ಹೇಳ್ಲಾ?" ಅಂದೆ.

"ಹೇಳು."

"ಅಲ್ಲಿ ನೀವು ಮಾತಾಡಿದ್ದು ಕೇಳಿಸ್ತು. ಕೇಳಿಸ್ಕೋಬಾರದಿತ್ತು."

"ಕೆಮ್ಮಿದಾಗ್ಲೇ ಗೊತ್ತಾಯ್ತು. ನಿಂಗೆ ಕೆಮ್ಮೋಕೆ ಬರಲ್ಲ."

"ಮೈದಾನದಲ್ಲಿ ಕೈ ಹಾಕಿದ್ದೂ ತಪ್ಪು. ಮಾತು ಕೊಟ್ಟಿದ್ದು ಮರೆತಿದ್ದು ಇನ್ನೂ ದೊಡ್ಡ ತಪ್ಪು."

"ಹೂಂ" ಅಂದಳು. ಪರವಾಗಿಲ್ಲ ಅನ್ನಲಿಲ್ಲ. ಎರಡು ನಿಲ್ದಾಣ ದಾಟಿದ ಮೇಲೆ ಕೇಳಿದಳು: "ನಿಂಗೂ ಒಂದೇ ಕಡೆ ಬಂದಿತ್ತಾ?"

"ಬಲಗಡೆ ಮೊದಲು."

"ಅಜ್ಜಿಗೆ ಹೇಳಿದ್ಯಾ?"

"ಇಲ್ಲ. ಒಂದು ವರ್ಷ ಪುಸ್ತಕ ಎದೆಗೆ ಅಪ್ಪಿಕೊಂಡು ನಡೆದೆ."

"ಯಾವ ಪುಸ್ತಕ?"

"ಭೂಗೋಳ. ಅದೇ ಎಲ್ಲಕ್ಕಿಂತ ಅಗಲ ಇತ್ತು."

ಅವಳು ನಕ್ಕಳು. ಜಾಕೆಟ್ಟಿನ ಕಾಲರಿನೊಳಗೆ ಮೂಗು ಮುಚ್ಚಿಕೊಂಡು, ಹೆಗಲು ಕುಣಿಸಿ. ಆಮೇಲೆ ಪ್ರಶ್ನೆ ಮೇಲೆ ಪ್ರಶ್ನೆ. ಎಷ್ಟು ದಿನ ನೋಯುತ್ತೆ, ಇನ್ನೊಂದು ಕಡೆ ಬರದೇ ಹೋದರೆ ಏನು, ಎಲ್ಲರಿಗೂ ಕಾಣುತ್ತಾ. ಗೊತ್ತಿದ್ದದ್ದು ಹೇಳಿದೆ. ಕಾಯಿಲೆ ಅಲ್ಲ ಅಂತ ನನ್ನ ಬಾಯಿಂದಲೂ ಹೇಳಿದೆ, ಆದರೂ ಅನುಮಾನ ಉಳಿದರೆ ಡಾಕ್ಟರಮ್ಮನ ಹತ್ತಿರ ಹೋಗೋಣ, ಒಳಗೆ ನಾನು ಬರಬೇಕೋ ಬೇಡವೋ ನೀನೇ ಹೇಳು ಅಂದೆ. ಯೋಚನೆ ಮಾಡಿ, "ಬಾ. ಆದ್ರೆ ನೀನು ಮಾತಾಡ್ಬೇಡ" ಅಂದಳು. ಸೋಮವಾರ ಹೋದೆವು. ನಾನು ಮಾತಾಡಲಿಲ್ಲ. ಡಾಕ್ಟರಮ್ಮನೂ ಗೊಣಗಮ್ಮ ಹೇಳಿದ್ದನ್ನೇ ಹೇಳಿದರು, ಸ್ವಲ್ಪ ಉದ್ದವಾಗಿ.

ಆ ಸೋಮವಾರ ಸಂಜೆ ಹತ್ತಿಯ ಕೊಳವೆ ಮೇಜಿನ ಮೇಲೆ ಹರಡಿಕೊಂಡಳು. ಕುತ್ತಿಗೆ ಎಲ್ಲಿ, ತೋಳು ಎಲ್ಲಿ ಅಂತ ಪೆನ್ಸಿಲ್ಲಿನಲ್ಲಿ ಗೀಚಿದಳು.

"ಅಳತೆ ನಾನು ತಗೊಳ್ಲಾ?" ಅಂತ ಕೇಳಿದೆ. ನನ್ನ ಬೆರಳಿಗೆ ಟೇಪು ಆಗಲೇ ಸುತ್ತಿಕೊಂಡಿತ್ತು.

"ಬೇಡ. ಟೇಪ್ ಕೊಡು. ನೀನು ಹೊರಗೆ ನಿಂತ್ಕೋ."

ನಿಂತೆ. ಊರಿನ ಜನರ ಕಾಲು ಅಳೆಯುವ ನಾನು, ಮುಚ್ಚಿದ ಬಾಗಿಲ ಮುಂದೆ, ಟೇಪಿಲ್ಲದೆ. ಸ್ವಲ್ಪ ಹೊತ್ತಿಗೆ ಬಾಗಿಲ ಅಡಿಯಿಂದ ಒಂದು ಚೀಟಿ ಜಾರಿ ಬಂತು. ಮೂರು ಅಂಕಿ, ಅದರ ಕೆಳಗೆ ಗೆರೆ ಎಳೆದು: "ಜೋರಾಗಿ ಓದಬೇಡ."

"ಎಷ್ಟಂತೆ?" ಅಂದಳು ಅಜ್ಜಿ, ಹಿಂದಿನಿಂದ ಬಂದು.

"ಹೇಳಲ್ಲ."

"ನಂಗೂ ಹೇಳಲ್ವಾ? ನಿನ್ನ ಹೆತ್ತವಳಿಗೂ?"

"ಅವಳನ್ನ ಕೇಳು. ಅದು ಅವಳದು."

ಅಜ್ಜಿ ಮುಚ್ಚಿದ ಬಾಗಿಲನ್ನು ನೋಡುತ್ತ ನಿಂತಳು. "ನಮ್ಮ ಕಾಲದಲ್ಲಿ ಬಾಗಿಲಿಗೆ ಚಿಲಕಾನೇ ಇರ್ಲಿಲ್ಲ ಬಿಡು" ಅಂದಳು. ಬೈಗುಳವಾಗಿರಲಿಲ್ಲ ಅದು.

ಕತ್ತರಿಸಿದ್ದು ನಾನು. ಗೆರೆ ಅವಳದು. ಅಂಚು ಮಡಚಿ ಹೊರಮುಖವಾಗಿ ಹೊಲಿದೆ, ಒಳಗೆ ಎಲ್ಲೂ ಗಂಟು ತಾಗದಂತೆ. ಹಾಕಿಕೊಂಡು, ಮೇಲೆ ಜಾಕೆಟ್ ಹಾಕಿಕೊಂಡು, ಹೊರಗೆ ಬಂದಳು. ಅಡುಗೆಮನೆಯವರೆಗೆ ಹೋಗಿ ನೀರು ಕುಡಿದಳು. ವಾಪಸ್ಸು ಬರುವಾಗ ಹೊಸಿಲು ನಡೆದು ದಾಟಲಿಲ್ಲ, ಹಾರಿದಳು.

"ಚುಚ್ಚಲ್ಲ" ಅಂದಳು.

ಹಾರುತ್ತೀಯಾ ಅಂತ ನಾನು ಕೇಳಲಿಲ್ಲ. ನಾಲಗೆಯ ತುದಿಗೆ ಬಂದಿತ್ತು, ಹಲ್ಲು ಕಚ್ಚಿಕೊಂಡೆ. ಪಂದ್ಯಕ್ಕೆ ಒಂದು ವಾರ ಇರುವಾಗ ಅವಳೇ, "ಟೀಚರ್‌ಗೆ ನೀನು ಹೇಳಿಲ್ಲ ತಾನೇ, ನಾನು ಬಿಟ್ಟೆ ಅಂತ?" ಅಂದಳು. ಹೇಳಿರಲಿಲ್ಲ. ಕಾಲು ಉಳುಕಿದೆ ಅಂದಿದ್ದೆ. ಮಾರನೇ ದಿನ ಅವಳು ಹೋಗಿ, ತೋಳಿಲ್ಲದ ಬನಿಯನ್ ಬೇಡ, ಅದೇ ಬಣ್ಣದ ಅರ್ಧತೋಳಿನದು, ಒಂದು ಅಳತೆ ದೊಡ್ಡದು ಕೊಡಿ, ಚಡ್ಡಿಯೊಳಗೆ ಸಿಕ್ಕಿಸಿಕೊಂಡರೆ ಮರಳಿಗೆ ತಾಗಲ್ಲ ಅಂತ ವಾದ ಮಾಡಿ ಬಂದಳಂತೆ. ಟೀಚರ್ ಒಪ್ಪಿದರಂತೆ. ಇಷ್ಟು ಸಣ್ಣದನ್ನು ಮೊದಲೇ ಯಾರೂ ಯಾಕೆ ಯೋಚಿಸಲಿಲ್ಲ ಅಂತ ನನಗೆ ಈಗಲೂ ನಾಚಿಕೆ.

ಪಂದ್ಯದ ದಿನ ಸುಡುಬಿಸಿಲು. ಅಜ್ಜಿ ಕೊಡೆ ಹಿಡಿದು ಮರದ ಬೆಂಚಿನ ಮೇಲೆ ಕೂತಳು. ನಾನು ಮರಳಿನ ಗುಂಡಿಯ ಪಕ್ಕದ ಹಗ್ಗ ಹಿಡಿದು ನಿಂತೆ. ಒಬ್ಬೊಬ್ಬರಿಗೆ ಮೂರು ಅವಕಾಶ.

ಮೊದಲನೆಯದಕ್ಕೆ ಅವಳು ಜಾಕೆಟ್ ಹಾಕಿಕೊಂಡೇ ಓಡಿದಳು. ಮರಳಲ್ಲಿ ಮತ್ತೆ ಪೊರಕೆ ಗೆರೆ. ಮೂರು ಮೀಟರ್ ಎಪ್ಪತ್ತು. ಎರಡನೆಯದಕ್ಕೂ ಜಾಕೆಟ್ಟೇ, ಹೆಜ್ಜೆ ತಪ್ಪಿ ಹಲಗೆ ಮೀರಿತು, ಲೆಕ್ಕಕ್ಕೆ ಬರಲಿಲ್ಲ. ಟೀಚರ್ ನನ್ನನ್ನು ನೋಡಿದರು. ನಾನು ಹಗ್ಗ ನೋಡಿದೆ.

ಮೂರನೆಯದಕ್ಕೆ ಮೊದಲು ಅವಳು ನನ್ನ ಹತ್ತಿರ ನಡೆದು ಬಂದಳು. ಜಿಪ್ಪು ಎಳೆದು, ಜಾಕೆಟ್ ಕಳಚಿ, ಹಗ್ಗದ ಮೇಲಿಂದ ನನ್ನ ಕೈಗಿಟ್ಟಳು. ಒದ್ದೆಯಾಗಿತ್ತು, ಬಿಸಿಯಾಗಿತ್ತು, ಮಗುವನ್ನು ಎತ್ತಿಕೊಂಡಷ್ಟು ಭಾರವಿತ್ತು. ದೊಗಳೆ ಅಂಗಿಯಲ್ಲಿ, ಬಿಸಿಲು ಕಾಣದೆ ಬಿಳಿಚಿದ ತೋಳುಗಳಲ್ಲಿ, ಅವಳು ಓಟದ ಗೆರೆಯ ಕಡೆ ನಡೆದುಹೋದಳು. ಅರ್ಧ ದಾರಿಯಲ್ಲಿ ಹೆಗಲು ಮುಂದಕ್ಕೆ ಬಾಗಿತು. ಇನ್ನು ನಾಲ್ಕು ಹೆಜ್ಜೆಗೆ ತಾನಾಗಿಯೇ ಹಿಂದಕ್ಕೆ ಹೋಯಿತು. ಯಾರೂ ಎಳೆಯಲಿಲ್ಲ.

ಓಡಿದಳು.

ಒಂದು ಮೊಣಕಾಲಿನ ಕೀಲು ಸರಿಯಾಗಿ ಒಂದು ಸಲ ಮಡಚಿ ಬಿಡಿಸುವಂತೆ ಮಾಡಲು ನಮಗೆ ಮೂರು ದಿನ ಬೇಕು. ತಿರುಪು ಬಿಗಿ ಮಾಡಿ, ಸಡಿಲ ಮಾಡಿ, ನಡೆಸಿ, ಮತ್ತೆ ಬಿಚ್ಚಿ. ಆದರೂ ಅದು ಮೊಣಕಾಲಾಗುವುದಿಲ್ಲ, ಮೊಣಕಾಲಿನ ಹಾಗೆ ಇರುತ್ತದೆ. ಇಲ್ಲಿ ಎರಡು ಮೊಣಕಾಲು, ಎರಡು ಹಿಮ್ಮಡಿ, ಸೊಂಟ, ಬೆನ್ನಿನ ಅಷ್ಟೂ ಮಣಿಗಳು, ಯಾರ ಅಪ್ಪಣೆಯನ್ನೂ ಕೇಳದೆ ನನ್ನ ಕಣ್ಣೆದುರೇ ಒಂದೇ ಮಾತಿನಂತೆ ನಡೆಯುತ್ತಿದ್ದವು. ಹೋದ ವರ್ಷ ಈ ತೊಡೆ ಇಷ್ಟು ಉದ್ದ ಇರಲಿಲ್ಲ. ಈ ತೋಳು ಇಷ್ಟು ದೂರ ಹೋಗುತ್ತಿರಲಿಲ್ಲ. ರಾತ್ರಿ ನಾನು ಸುಸ್ತಾಗಿ ಗೊರಕೆ ಹೊಡೆಯುತ್ತಿದ್ದಾಗ, ಪಕ್ಕದ ಕೋಣೆಯಲ್ಲಿ, ಸದ್ದಿಲ್ಲದೆ, ಯಾವ ಅಚ್ಚೂ ಇಲ್ಲದೆ, ಯಾವ ಮೇಸ್ತ್ರಿಯೂ ಇಲ್ಲದೆ, ಇದೆಲ್ಲ ತಯಾರಾಗಿತ್ತು. ಹೆದರಿಸಿದ್ದೂ ಅದೇ ಮೈ, ನೋಯಿಸಿದ್ದೂ ಅದೇ ಮೈ. ಈಗ ಅದು ಹಲಗೆಯನ್ನು ಒದ್ದು ಮೇಲಕ್ಕೆ ಹೋಯಿತು.

ಗಾಳಿಯಲ್ಲಿ ಅವಳು ಇದ್ದದ್ದು ಒಂದು ಕ್ಷಣವೂ ಇರಲಿಕ್ಕಿಲ್ಲ. ನನಗೆ ಮಾತ್ರ ಅವಳು ಇನ್ನೂ ಇಳಿದಿಲ್ಲ ಅನ್ನಿಸುತ್ತದೆ. ಕಾಲು ಮುಂದೆ ಚಾಚಿ, ಕೈ ಮೇಲೆ, ಬಾಯಿ ತೆರೆದು, ಎದೆ ಬಿಸಿಲಿಗೆ ಪೂರಾ ಬಿಚ್ಚಿಕೊಂಡು. ಅಜ್ಜಿ ಕೊಡೆ ಕೆಳಗೆ ಬಿಟ್ಟು ಎದ್ದು ನಿಂತದ್ದು ನನಗೆ ಆಮೇಲೆ ಗೊತ್ತಾಯಿತು. ಅಜ್ಜಿಯ ಬೆನ್ನು ಅಷ್ಟು ನೆಟ್ಟಗಾದದ್ದನ್ನು ನಾನು ನೋಡಿಯೇ ಇರಲಿಲ್ಲ.

ಮರಳಿನಲ್ಲಿ ಎರಡು ಹಿಮ್ಮಡಿ ಗುಳಿ. ಹಿಂದೆ ಏನೂ ಇಲ್ಲ, ಬರೀ ನುಣ್ಣಗಿನ ಮರಳು.

ಟೀಚರ್ ಟೇಪು ಹಿಡಿದು ಬಗ್ಗಿದರು. "ನಾಲ್ಕು ಹದಿನೆಂಟು" ಅಂತ ಕೂಗಿದರು. ನನ್ನ ಕಡೆ ತಿರುಗಿ, "ಈ ಸಲ ಅಳೆದಿದ್ದು ಹುಡುಗೀನ" ಅಂದರು. ನಾಲ್ಕನೇ ಸ್ಥಾನ ಬಂತು. ಮೊದಲ ಮೂವರಿಗೆ ಪದಕ, ನಾಲ್ಕನೆಯವಳಿಗೆ ಏನೂ ಇಲ್ಲ.

ಅವಳು ಕೂದಲಿನಿಂದ ಮರಳು ಕೊಡವುತ್ತ, ಏದುಸಿರು ಬಿಡುತ್ತ, ನಗುತ್ತ ಹಗ್ಗದ ಹತ್ತಿರ ಬಂದಳು. ನನ್ನ ಎರಡೂ ಕೈ ಆಗಲೇ ಮುಂದಕ್ಕೆ ಹೋಗಿದ್ದವು, ಒಂದರಲ್ಲಿ ಜಾಕೆಟ್ ನೇತಾಡುತ್ತಿತ್ತು. ಅವಳ ಹೆಗಲಿಗೆ ಇನ್ನೊಂದು ಗೇಣಿರುವಾಗ ನಿಲ್ಲಿಸಿದೆ.

"ಕೈ ಇಡ್ಲಾ?"

ಅವಳು ಹಿಂದೆ ತಿರುಗಿ ತನ್ನ ಜೊತೆಯ ಹುಡುಗಿಯರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಈಗ ಬೇಡಮ್ಮ. ಎಲ್ಲರೂ ನೋಡ್ತಿದಾರೆ."

"ಸರಿ" ಅಂದೆ.

ಜಾಕೆಟ್ಟನ್ನು ನನ್ನ ಹತ್ತಿರವೇ ಬಿಟ್ಟು ಅವಳು ಹುಡುಗಿಯರ ಕಡೆ ಓಡಿದಳು. ನಾನು ಕೈ ಕೆಳಗಿಳಿಸಿದೆ. ಬಚ್ಚಲಮನೆಯಲ್ಲಿ ಕೊಟ್ಟಿದ್ದ ಮಾತನ್ನು ಅವತ್ತು ಉಳಿಸಿಕೊಂಡೆ.